ಗದ್ದ ಮರಗಟ್ಟಿದೆ, ಕಿವಿ ಸರಿಯಿದ್ದರೂ ನೋಯುತ್ತಿದೆ: ತಲೆ ಮತ್ತು ಕುತ್ತಿಗೆ ಕ್ಯಾನ್ಸರ್‌ನ ನರಸೂಚನೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಂತವೈದ್ಯೆ. ನನ್ನ ಬಳಿ ಚಿಕಿತ್ಸೆಗೆ ಬಂದವರು, ತಪಾಸಣಾ ಶಿಬಿರಗಳಲ್ಲಿ ಎದುರಾದವರು, ಪತ್ರ ಬರೆದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಮಾಯದ ಹುಣ್ಣು, ಬಾಯಿಯೊಳಗಿನ ಬಿಳಿ ಅಥವಾ ಕೆಂಪು ಮಚ್ಚೆ, ಕುತ್ತಿಗೆಯ ಗಂಟು ಇವುಗಳ ಬಗ್ಗೆ ಈಗ ಬಹಳ ಜನರಿಗೆ ತಿಳಿದಿದೆ. ನರಗಳು ಕೊಡುವ ಸೂಚನೆ ಮಾತ್ರ ಇನ್ನೂ ಹೆಚ್ಚಿನವರಿಗೆ ಅಪರಿಚಿತ. ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಬರುವ ಬಹುಪಾಲು ಲಕ್ಷಣಗಳಿಗೆ ಕ್ಯಾನ್ಸರ್ ಅಲ್ಲದ ಕಾರಣಗಳೇ ಹೆಚ್ಚು. ಓದಿ ಹೆದರಬೇಡಿ. ಆದರೆ ಕಾರಣ ಸಿಗುವ ತನಕ ಹುಡುಕಾಟವನ್ನೂ ಬಿಡಬೇಡಿ.

## ಮೊದಲು ತಿಳಿಯಬೇಕಾದದ್ದು

ಕ್ಯಾನ್ಸರ್ ಎಂದರೆ ಗಡ್ಡೆ, ಹುಣ್ಣು ಎಂದು ಕೇಳಿದ್ದೇನೆ. ನರಕ್ಕೂ ಅದಕ್ಕೂ ಏನು ಸಂಬಂಧ?

ಮಿದುಳಿನಿಂದ ನೇರವಾಗಿ ಹೊರಡುವ ನರಗಳು 12 ಜೋಡಿ. ತಲೆಬುರುಡೆಯ ತಳದಲ್ಲಿರುವ ಸಣ್ಣ ರಂಧ್ರಗಳಿಂದ ಹೊರಬಿದ್ದು ಕಣ್ಣು, ಮುಖ, ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆಗಳಿಗೆ ಅವು ಹಬ್ಬಿವೆ. ಇಷ್ಟು ಕಿರಿದಾದ ಜಾಗದಲ್ಲಿ ಇಷ್ಟೊಂದು ನರಗಳು ಒತ್ತಾಗಿ ಸಾಗುವ ಕಡೆ ದೇಹದಲ್ಲಿ ಇನ್ನೊಂದು ಸಿಗುವುದು ಕಷ್ಟ. ಅಲ್ಲಿ ಬೆಳೆಯುವ ಗಡ್ಡೆ ಪಕ್ಕದ ನರವನ್ನು ಒತ್ತಬಹುದು. ನರದ ಹೊದಿಕೆಯೊಳಗೆ ನುಸುಳಿ, ಬಳ್ಳಿಯು ಹಂದರ ಹಿಡಿದು ಹಬ್ಬುವಂತೆ, ಬುರುಡೆಯ ಕಡೆಗೆ ಸಾಗಬಹುದು. ಇಲ್ಲವೇ ತಾನಿರುವ ಜಾಗದ ನೋವನ್ನು ಅದೇ ನರದ ಬೇರೊಂದು ಕವಲು ಮುಟ್ಟುವ ಜಾಗದಲ್ಲಿ ಕಾಣಿಸಬಹುದು. ಹಾಗಾಗಿ ನೋವು ಕೊಡುವ ವಿಳಾಸ ಒಂದು, ರೋಗ ಇರುವ ಮನೆ ಮತ್ತೊಂದು ಆಗುವುದುಂಟು. ಈ ಪುಟದ ಉಳಿದ ಉತ್ತರಗಳೆಲ್ಲ ಈ ಒಂದು ವಿಷಯದ ಸುತ್ತಲೇ ಇವೆ.

ಕೆಳತುಟಿ ಮತ್ತು ಗದ್ದ ಒಂದು ಕಡೆ ಮರಗಟ್ಟಿದಂತಿದೆ. ಹಲ್ಲು ಕೀಳಿಸಿದ್ದಕ್ಕೇ ಇರಬಹುದೇ?

ಇರಬಹುದು. ಕೆಳದವಡೆಯ ಮೂಳೆಯೊಳಗೆ ಒಂದು ಕಾಲುವೆ ಇದೆ. ಅದರಲ್ಲಿ ಸಾಗುವ ನರ ಗದ್ದದ ಬಳಿ ಹೊರಬಂದು ತುಟಿಗೆ, ಗದ್ದದ ಚರ್ಮಕ್ಕೆ ಸ್ಪರ್ಶಜ್ಞಾನ ಕೊಡುತ್ತದೆ. ಬುದ್ಧಿಹಲ್ಲು ಕೀಳುವಾಗ, ಇಂಪ್ಲಾಂಟ್ ಕೂರಿಸುವಾಗ ಇದಕ್ಕೆ ಪೆಟ್ಟಾಗುವುದುಂಟು. ದವಡೆಯ ಸೋಂಕು, ಮುರಿತ ಕೂಡ ಕಾರಣವಾಗುತ್ತವೆ. ಮೂಳೆ ಗಟ್ಟಿಯಾಗಲೆಂದು ಕೊಡುವ ಜೋಲೆಡ್ರಾನಿಕ್ ಆಮ್ಲದಂಥ ಔಷಧಗಳಿಂದ ದವಡೆಮೂಳೆ ಸತ್ತುಹೋದಾಗಲೂ ಗದ್ದ ಜೋಮು ಹಿಡಿಯುತ್ತದೆ.

ನಾನು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ: ಜೋಮು ಶುರುವಾದದ್ದು ಹಲ್ಲು ಕಿತ್ತ ಮೇಲೋ, ಮೊದಲೋ? ಕಿತ್ತ ದಿನವೇ ಶುರುವಾಗಿ ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿದ್ದರೆ ಅದು ಬಹುತೇಕ ಪೆಟ್ಟಿನದೇ. ಜೋಮು ಮೊದಲೇ ಇತ್ತು, ಹಲ್ಲು ಅಲುಗಾಡುತ್ತಿತ್ತು, ಅದಕ್ಕಾಗಿ ಕೀಳಿಸಿದೆ ಎನ್ನುವವರ ಕತೆ ಬೇರೆ. ಅಲ್ಲಿ ದವಡೆಮೂಳೆಯನ್ನೇ ಅನುಮಾನಿಸಬೇಕು. ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ ಈ ಪ್ರಶ್ನೆ ಕೇಳದೆ ಒಬ್ಬ ಮಹಿಳೆಯ ಹಲ್ಲು ಕಿತ್ತೆ. ಗಾಯ ಒಣಗಿತು, ಜೋಮು ಹೋಗಲಿಲ್ಲ. ಆಮೇಲೆ ತಿಳಿದದ್ದು, ಅವರಿಗೆ ಹಿಂದೆ ಸ್ತನ ಕ್ಯಾನ್ಸರ್ ಆಗಿತ್ತು, ಅದು ಈಗ ದವಡೆಗೆ ಬಂದಿತ್ತು. ಅಂದಿನಿಂದ ಆ ಪ್ರಶ್ನೆಯನ್ನು ಒಬ್ಬರಿಗೂ ಕೇಳದೆ ಬಿಟ್ಟಿಲ್ಲ.

ಕಾರಣವಿಲ್ಲದೆ ಗದ್ದ ಮರಗಟ್ಟುವುದನ್ನು ಹಗುರವಾಗಿ ಕಾಣಬಾರದು. ಬಾಯಿಯ ಕ್ಯಾನ್ಸರ್ ದವಡೆಯೊಳಗೆ ಇಳಿದಾಗ ಹೀಗಾಗುತ್ತದೆ. ಸ್ತನ ಕ್ಯಾನ್ಸರ್, ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್), ರಕ್ತದ ಕ್ಯಾನ್ಸರ್‌ಗಳು ದೂರದಿಂದ ಇಲ್ಲಿಗೆ ಬಂದಾಗಲೂ ಆಗುತ್ತದೆ. ದವಡೆಯ ಸಾಮಾನ್ಯ ಎಕ್ಸ್‌ರೇ ಸರಿಯಾಗಿ ಕಂಡರೂ ಸಾಲದು, ಸ್ಕ್ಯಾನ್ ಮತ್ತು ರಕ್ತಪರೀಕ್ಷೆ ಬೇಕಾಗುತ್ತವೆ. ಈ ಮೊದಲೇ ಕ್ಯಾನ್ಸರ್ ಚಿಕಿತ್ಸೆ ಪಡೆದವರು ಇಂಥ ಜೋಮನ್ನು ತಮ್ಮ ಕ್ಯಾನ್ಸರ್ ವೈದ್ಯರಿಗೆ ಅದೇ ವಾರ ತಿಳಿಸಲಿ.

ಕಿವಿ ನೋಯುತ್ತದೆ. ಮೂರು ಸಲ ತೋರಿಸಿದೆ, ಕಿವಿ ಚೆನ್ನಾಗಿದೆ ಎನ್ನುತ್ತಾರೆ. ನೋವು ನನ್ನ ಭ್ರಮೆಯೇ?

ಭ್ರಮೆಯಲ್ಲ. ಕಿವಿಗೆ ಸ್ಪರ್ಶಜ್ಞಾನ ಬರುವುದು ಒಂದೇ ನರದಿಂದಲ್ಲ. ಐದು, ಏಳು, ಒಂಬತ್ತು ಮತ್ತು ಹತ್ತನೆಯ ಮಿದುಳುನರಗಳ ಜೊತೆಗೆ ಕುತ್ತಿಗೆಯ ಮೇಲಿನ ನರಗಳೂ ಸೇರಿವೆ. ಇವುಗಳಲ್ಲಿ ಒಂಬತ್ತನೆಯದರ ಬೇರೆ ಕವಲು ಟಾನ್ಸಿಲ್ ಮತ್ತು ನಾಲಿಗೆಯ ಬುಡಕ್ಕೆ, ಹತ್ತನೆಯದರ ಕವಲು ಧ್ವನಿಪೆಟ್ಟಿಗೆ ಮತ್ತು ಗಂಟಲಿನ ತಳಕ್ಕೆ ಹೋಗುತ್ತವೆ. ಅಲ್ಲಿ ಹುಣ್ಣಾದರೆ ಮಿದುಳು ಅದನ್ನು ಕಿವಿಯ ನೋವೆಂದು ಓದುತ್ತದೆ.

ಹಲ್ಲಿನ ಹುಳುಕು, ದವಡೆಯ ಕೀಲಿನ ತೊಂದರೆ, ಕುತ್ತಿಗೆಯ ಮೂಳೆಯ ಸವೆತ, ಟಾನ್ಸಿಲ್ ಸೋಂಕು ಇವುಗಳಿಂದಲೂ ಹೀಗೆಯೇ ಕಿವಿ ನೋಯುತ್ತದೆ, ಮತ್ತು ಇವೇ ಹೆಚ್ಚು ಸಾಮಾನ್ಯ. ಆದರೆ ನಡುವಯಸ್ಸು ದಾಟಿದವರಲ್ಲಿ, ಅದರಲ್ಲೂ ಬೀಡಿ, ಹೊಗೆಸೊಪ್ಪು, ಮದ್ಯದ ಅಭ್ಯಾಸವಿದ್ದವರಲ್ಲಿ, ಒಂದೇ ಕಿವಿ ನೋಯುತ್ತಾ ಕಿವಿಯೊಳಗೆ ಏನೂ ಕಾಣದಿದ್ದರೆ, ಸಣ್ಣ ಕ್ಯಾಮೆರಾ ಹಾಕಿ ಗಂಟಲಿನ ತಳದವರೆಗೆ ನೋಡಲೇಬೇಕು. ನುಂಗುವಾಗ ನೋವು ಕಿವಿಗೆ ಚುಚ್ಚಿದಂತೆ ಹೊಡೆಯುತ್ತದೆ ಎಂದರೆ ಇನ್ನೂ ಬೇಗ. ಟಾರ್ಚ್ ಬಿಟ್ಟು ಬಾಯಿ ನೋಡಿದರೆ ನಾಲಿಗೆಯ ಬುಡ ಕಾಣುವುದಿಲ್ಲ. ನನ್ನ ಹತ್ತಿರದ ಸಂಬಂಧಿಯೊಬ್ಬರ ಕಿವಿಗೆ ಐದು ತಿಂಗಳು ಹನಿ ಹಾಕಿದರು. ಯಾರೂ ಕ್ಯಾಮೆರಾ ಇಳಿಸಲಿಲ್ಲ. ಕೊನೆಗೆ ಕುತ್ತಿಗೆಯಲ್ಲಿ ಗಂಟು ಎದ್ದಾಗ ನಾಲಿಗೆಯ ಬುಡದ ಗಡ್ಡೆ ಪತ್ತೆಯಾಯಿತು. ಆ ಐದು ತಿಂಗಳ ಸಂಕಟ ನನ್ನಲ್ಲಿ ಇನ್ನೂ ಆರಿಲ್ಲ.

ಎಷ್ಟು ದಿನ ಕಾದು ನೋಡಬಹುದು?

ಮೂರು ವಾರ. ಧ್ವನಿ ಒಡೆದಿರಲಿ, ಜೋಮು ಇರಲಿ, ಒಂದೇ ಕಡೆಯ ಗಂಟಲುನೋವು ಅಥವಾ ಕಿವಿನೋವು ಇರಲಿ, ಮೂರು ವಾರ ದಾಟಿಯೂ ಹೋಗದಿದ್ದರೆ ತಜ್ಞರಿಗೆ ತೋರಿಸಬೇಕು. ಮುಖ ದಿಢೀರನೆ ವಾಲಿದರೆ, ವಸ್ತುಗಳು ದಿಢೀರನೆ ಎರಡೆರಡಾಗಿ ಕಂಡರೆ, ಮಾತು ತೊದಲಿದರೆ ಈ ಲೆಕ್ಕ ಅನ್ವಯಿಸುವುದಿಲ್ಲ. ಪಾರ್ಶ್ವವಾಯು ಇರಬಹುದು, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು.

ನನಗೆ ಸಕ್ಕರೆ ಕಾಯಿಲೆ ಇದೆ. ಜೋಮು ಅದರಿಂದಲೇ ಅಲ್ಲವೇ?

ಸಕ್ಕರೆ ಕಾಯಿಲೆಯ ಜೋಮು ಸಾಮಾನ್ಯವಾಗಿ ಎರಡೂ ಪಾದಗಳ ತುದಿಯಿಂದ ಶುರುವಾಗಿ ಮೇಲೇರುತ್ತದೆ. ಬಿ12 ಕೊರತೆಯಲ್ಲಿ ನಾಲಿಗೆ ಉರಿಯುತ್ತದೆ, ಒಂದೇ ಪಕ್ಕವಲ್ಲ, ಇಡೀ ನಾಲಿಗೆ. ಮುಖದ ಒಂದೇ ಭಾಗ, ಗೆರೆ ಕೊರೆದಂತೆ ಮರಗಟ್ಟಿದ್ದರೆ ಅದನ್ನು ಸಕ್ಕರೆಯ ಖಾತೆಗೆ ಬರೆದು ಸುಮ್ಮನಾಗಬೇಡಿ. ನಮ್ಮಲ್ಲಿ ಸಕ್ಕರೆ ಕಾಯಿಲೆ ಎಷ್ಟು ಮನೆಮಾತಾಗಿದೆಯೆಂದರೆ, ಬೇರೆ ಎಷ್ಟೋ ರೋಗಗಳು ಅದರ ನೆರಳಲ್ಲಿ ಅಡಗಿ ಕುಳಿತುಬಿಡುತ್ತವೆ.

ನಾನು ತಂಬಾಕು ಮುಟ್ಟುವುದಿಲ್ಲ, ಎಲೆಅಡಿಕೆ ಮಾತ್ರ. ನನಗೇಕೆ ಭಯ?

ಅಡಿಕೆ ಬೆಳೆಯುವ ಸೀಮೆಯವಳಾಗಿ ಇದನ್ನು ಬರೆಯುವುದು ನನಗೆ ಸುಲಭವಲ್ಲ. ತಂಬಾಕು ಬೆರೆಸದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ ಹೇಳುತ್ತದೆ. ದಿನವಿಡೀ ಅಡಿಕೆ ಅಗಿಯುವವರ ಕೆನ್ನೆಯ ಒಳಪದರ ಬಿಗಿದು, ವರ್ಷಗಳಲ್ಲಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಈ ನಿಧಾನದ ಬಿಗಿತಕ್ಕೂ, ಕೆಲವೇ ವಾರಗಳಲ್ಲಿ ಬಾಯಿ ಕಿರಿದಾಗಿ ಜೊತೆಗೆ ಒಂದು ಕಡೆ ಜೋಮು ಹಿಡಿಯುವುದಕ್ಕೂ ವ್ಯತ್ಯಾಸವಿದೆ. ಎರಡನೆಯದು ಗಡ್ಡೆ ದವಡೆಯ ಆಳದ ಸ್ನಾಯುಗಳಿಗೆ ಇಳಿದಿರುವ ಸೂಚನೆಯಾಗಿರಬಹುದು.

ಯಾವ ಚಟವೂ ಇಲ್ಲದವರಿಗೂ ಒಂದು ಮಾತು: ಜೊಲ್ಲುಗ್ರಂಥಿಗಳ ಅಡಿನಾಯ್ಡ್ ಸಿಸ್ಟಿಕ್ ಎಂಬ ಕ್ಯಾನ್ಸರ್‌ಗೂ ತಂಬಾಕಿಗೂ ನಂಟಿಲ್ಲ. ನರದ ಜಾಡು ಹಿಡಿದು ಹೋಗುವುದರಲ್ಲಿ ಅದನ್ನು ಮೀರಿಸುವ ಗಡ್ಡೆಗಳು ಕಡಿಮೆ.

## ಮುಖ, ಕಣ್ಣು, ಧ್ವನಿ

ಬಾಯಿ ಸೊಟ್ಟಗಾಗಿದೆ. ಲಕ್ವ ಎಂದು ಎಣ್ಣೆ ಹಚ್ಚಿಸುತ್ತಿದ್ದೇವೆ, ನಾಲ್ಕು ತಿಂಗಳಾಯಿತು. ಇನ್ನೂ ಕಾಯಬೇಕೇ?

ಬೇಡ. ಮುಖ ಸೊಟ್ಟಗಾಗುವುದಕ್ಕೆ ಅತಿ ಸಾಮಾನ್ಯ ಕಾರಣ ಬೆಲ್ಸ್ ಪಾಲ್ಸಿ, ಅಂದರೆ ಮುಖದ ನರ ದಿಢೀರನೆ ಸೋಲುವುದು. ಅದರಲ್ಲಿ ಮುಖದ ಒಂದು ಕಡೆ ಹೆಚ್ಚೆಂದರೆ ಮೂರು ದಿನಗಳೊಳಗೆ ಪೂರ್ತಿ ಜೋತುಬೀಳುತ್ತದೆ, ಹಣೆಯ ಸುಕ್ಕೂ ಮಾಯವಾಗುತ್ತದೆ, ಕಣ್ಣು ಮುಚ್ಚಲಾಗುವುದಿಲ್ಲ. ಹತ್ತರಲ್ಲಿ ಸುಮಾರು ಏಳು ಮಂದಿ ಔಷಧವಿಲ್ಲದೆಯೂ ಪೂರ್ತಿ ಗುಣವಾಗುತ್ತಾರೆ. ಮೊದಲ ಮೂರು ದಿನಗಳಲ್ಲಿ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಆ ಪ್ರಮಾಣ ಇನ್ನೂ ಹೆಚ್ಚು. ಕಿವಿಯಲ್ಲಿ ಗುಳ್ಳೆಗಳೂ ಎದ್ದಿದ್ದರೆ ಅದು ಸರ್ಪಸುತ್ತಿನ ವೈರಸ್‌ನ ಕೆಲಸ. ತಾವಾಗಿಯೇ ಗುಣವಾಗುವವರು ಇಷ್ಟೊಂದು ಮಂದಿ ಇರುವುದರಿಂದಲೇ ಎಣ್ಣೆ, ಪಥ್ಯ, ಅಂತ್ರ ಎಲ್ಲಕ್ಕೂ ಹೆಸರು ಬಂದುಬಿಡುತ್ತದೆ.

ಬೆಲ್ಸ್ ಪಾಲ್ಸಿ ಹೀಗೆ ನಡೆದುಕೊಳ್ಳುವುದಿಲ್ಲ: ವಾರಗಟ್ಟಲೆ ಇಂಚಿಂಚಾಗಿ ಹೆಚ್ಚುವುದು, ಮೊದಲು ಕಣ್ಣುರೆಪ್ಪೆ ಮಾತ್ರ ಆಮೇಲೆ ತುಟಿ ಎಂಬಂತೆ ಭಾಗ ಭಾಗವಾಗಿ ಜೋತುಬೀಳುವುದು, ಜೋತುಬೀಳುವ ಮೊದಲು ಸ್ನಾಯು ಅದುರುವುದು, ಅದೇ ಕಡೆ ಮತ್ತೆ ಬರುವುದು, ಮೂರು ತಿಂಗಳಾದರೂ ಒಂದಿಷ್ಟೂ ಚೇತರಿಕೆ ಕಾಣದಿರುವುದು. ಇವುಗಳಲ್ಲಿ ಒಂದಿದ್ದರೂ ಕಿವಿಯ ಮುಂದೆ ಮತ್ತು ಕೆಳಗೆ ಇರುವ ಪೆರೋಟಿಡ್ ಜೊಲ್ಲುಗ್ರಂಥಿಯನ್ನು ಪರೀಕ್ಷಿಸಬೇಕು, ಏಕೆಂದರೆ ಮುಖದ ನರ ಆ ಗ್ರಂಥಿಯ ನಡುವೆಯೇ ಹಾದು ಕವಲೊಡೆಯುತ್ತದೆ. ಈ ಗ್ರಂಥಿಯ ಗಡ್ಡೆಗಳಲ್ಲಿ ಸುಮಾರು 80 ಶೇಕಡಾ ಅಪಾಯವಿಲ್ಲದವು, ಮತ್ತು ಅಪಾಯವಿಲ್ಲದ ಗಡ್ಡೆ ಮುಖವನ್ನು ಸೊಟ್ಟ ಮಾಡುವುದು ತೀರಾ ಅಪರೂಪ. ಹಾಗಾಗಿ ಗಂಟು ಮತ್ತು ಸೊಟ್ಟ ಬಾಯಿ ಒಟ್ಟಿಗೆ ಕಂಡರೆ ಒಂದು ದಿನವೂ ತಡಮಾಡಬಾರದು.

ಕೆನ್ನೆಯ ಮೇಲೆ ಇರುವೆ ಹರಿದಂತಾಗುತ್ತದೆ, ಚರ್ಮದಲ್ಲಿ ಏನೂ ಕಾಣುವುದಿಲ್ಲ. ಇದೂ ಲಕ್ಷಣವೇ?

ಆಗಿರಬಹುದು. ಕಣ್ಣಿನ ಕೆಳಗಿನಿಂದ ಮೂಗಿನ ಪಕ್ಕ, ಮೇಲ್ತುಟಿಯವರೆಗಿನ ಸ್ಪರ್ಶ ಒಂದೇ ನರದ ಹೊಣೆ. ಆ ನರ ಮೇಲ್ದವಡೆಯ ಮೂಳೆಯೊಳಗಿನ ಗಾಳಿಗೂಡಿನ (ಸೈನಸ್) ಚಾವಣಿಯಲ್ಲಿ ಸಾಗುತ್ತದೆ. ಆ ಗೂಡಿನಲ್ಲಿ ಕ್ಯಾನ್ಸರ್ ಹುಟ್ಟಿದರೆ ಕೆನ್ನೆ ಜೋಮು ಹಿಡಿಯುತ್ತದೆ, ಮೇಲಿನ ಹಲ್ಲು ಅಲುಗುತ್ತದೆ, ಹಲ್ಲಿನ ಸೆಟ್ ಇದ್ದಕ್ಕಿದ್ದಂತೆ ಕೂರುವುದಿಲ್ಲ, ಮೂಗಿನ ಒಂದೇ ಹೊಳ್ಳೆಯಲ್ಲಿ ರಕ್ತ ಬರುತ್ತದೆ. ವರ್ಷಗಳ ಹಿಂದೆ ಮುಖದ ಚರ್ಮದ ಕ್ಯಾನ್ಸರ್ ತೆಗೆಸಿಕೊಂಡವರಲ್ಲಿ ಇರುವೆ ಹರಿದ ಭಾವ ರೋಗ ಮರಳಿದ್ದರ ಮೊದಲ ಸುಳಿವಾಗಬಹುದು. ವಿದೇಶದಲ್ಲಿ, ಅದರಲ್ಲೂ ಚರ್ಮದ ಕ್ಯಾನ್ಸರ್ ಬಹಳ ಹೆಚ್ಚಿರುವ ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ಕನ್ನಡಿಗರ ಬಾಯಲ್ಲಿ ಅಲ್ಲಿನ ವೈದ್ಯರು ಈ ಪ್ರಶ್ನೆ ಕೇಳಿದರು ಎಂದು ಕೇಳಿದ್ದೇನೆ.

ನಮ್ಮ ನಾಡಿನಲ್ಲಿ ಇನ್ನೆರಡನ್ನು ಮರೆಯುವಂತಿಲ್ಲ. ಕುಷ್ಠರೋಗದಲ್ಲೂ ಕೆನ್ನೆಯಲ್ಲಿ ಸ್ಪರ್ಶವಿಲ್ಲದ ತಿಳಿ ಮಚ್ಚೆ ಮೂಡುತ್ತದೆ, ಕುತ್ತಿಗೆಯ ಪಕ್ಕದ ನರ ಹಗ್ಗದಂತೆ ದಪ್ಪವಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಉಚಿತ ಔಷಧವಿದೆ, ಪೂರ್ತಿ ಗುಣವಾಗುತ್ತದೆ. ಎರಡನೆಯದು ಕಪ್ಪು ಶಿಲೀಂಧ್ರ. 2021ರ ಕೋವಿಡ್ ಅಲೆಯಲ್ಲಿ ಕೆನ್ನೆಯ ಜೋಮು, ಕಣ್ಣಿನ ಊತದೊಂದಿಗೆ ಬಂದವರನ್ನು ನಾವೆಲ್ಲ ನೋಡಿದ್ದೇವೆ. ಅದು ದಿನಗಳಲ್ಲಿ ಹಬ್ಬುತ್ತದೆ, ಕ್ಯಾನ್ಸರ್ ತಿಂಗಳುಗಳಲ್ಲಿ.

ವಸ್ತುಗಳು ಎರಡೆರಡಾಗಿ ಕಾಣುತ್ತವೆ. ಕಣ್ಣಿನ ವೈದ್ಯರು ಮೂಗಿನ ವೈದ್ಯರ ಬಳಿ ಕಳುಹಿಸಿದರು. ಏಕೆ?

ಒಳ್ಳೆಯ ಕಣ್ಣಿನ ವೈದ್ಯರು ಸಿಕ್ಕಿದ್ದಾರೆ. ಕಣ್ಣನ್ನು ಹೊರಕ್ಕೆ ತಿರುಗಿಸುವ ಆರನೆಯ ನರ ಬುರುಡೆಯ ತಳದಲ್ಲಿ, ಮೂಗಿನ ಹಿಂಭಾಗದ ಕೋಣೆಗೆ ಹತ್ತಿರವಾಗಿ ಸಾಗುತ್ತದೆ. ಆ ಕೋಣೆಯ ಕ್ಯಾನ್ಸರ್ ಮೇಲಕ್ಕೆ ಬೆಳೆದರೆ ದೂರದ ವಸ್ತು ಅಕ್ಕಪಕ್ಕ ಎರಡಾಗಿ ಕಾಣತೊಡಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದಿಂದಲೂ ಈ ನರ ಸೋಲುತ್ತದೆ, ಆದರೆ ಅದು ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಸುಧಾರಿಸುತ್ತದೆ.

ಲಂಡನ್ನಿನ ಶಸ್ತ್ರವೈದ್ಯ ವಿಲ್‌ಫ್ರೆಡ್ ಟ್ರಾಟರ್ 1911ರಲ್ಲೇ ಈ ಕ್ಯಾನ್ಸರ್‌ನ ಮೂರು ಸೂಚನೆಗಳನ್ನು ಜೋಡಿಸಿ ತೋರಿಸಿದ್ದರು: ಒಂದು ಕಿವಿ ಮಂದವಾಗುವುದು, ಅದೇ ಕಡೆ ಮುಖದಲ್ಲಿ ನರಶೂಲೆ, ಅದೇ ಕಡೆ ಅಂಗುಳ ಜಗ್ಗುವುದು. ದೊಡ್ಡವರಲ್ಲಿ ಒಂದೇ ಕಿವಿಯ ಹಿಂದೆ ನೀರು ತುಂಬಿ ನಿಂತರೆ ಮೂಗಿನ ಹಿಂಭಾಗ ನೋಡಬೇಕು ಎಂಬ ಪಾಠ ಅಂದಿನಿಂದ ಬಂದದ್ದು. ಕರ್ನಾಟಕದವರಲ್ಲಿ ಈ ಕ್ಯಾನ್ಸರ್ ವಿರಳ. ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ ಕಡೆ ಹೆಚ್ಚು. ಆ ರಾಜ್ಯಗಳಿಂದ ಬಂದು ಬೆಂಗಳೂರಿನಲ್ಲಿ ದುಡಿಯುತ್ತಿರುವ ಯುವಜನರನ್ನು ನೋಡುವ ವೈದ್ಯರು ಇದನ್ನು ನೆನಪಿನಲ್ಲಿಡಬೇಕು.

ಧ್ವನಿ ಒಡೆದು ಎರಡು ತಿಂಗಳು. ಗಂಟಲಲ್ಲಿ ನೋವೇ ಇಲ್ಲ. ಎದೆಯ ಸ್ಕ್ಯಾನ್ ಏಕೆ ಬರೆದರು?

ಧ್ವನಿತಂತುಗಳನ್ನು ಆಡಿಸುವ ನರ ನೇರ ದಾರಿ ಹಿಡಿಯುವುದಿಲ್ಲ. ಎಡಗಡೆಯದು ಕುತ್ತಿಗೆಯಿಂದ ಎದೆಗೂಡಿಗೆ ಇಳಿದು, ಹೃದಯದಿಂದ ಹೊರಡುವ ಮಹಾಧಮನಿಯನ್ನು ಬಳಸಿ, ಮತ್ತೆ ಥೈರಾಯ್ಡ್‌ನ ಹಿಂದಿನಿಂದ ಮೇಲೇರಿ ಧ್ವನಿಪೆಟ್ಟಿಗೆ ಸೇರುತ್ತದೆ. ಈ ದಾರಿಯಲ್ಲಿ ಎಲ್ಲೇ ತಡೆಯಾದರೂ ಧ್ವನಿ ಬಸವಳಿಯುತ್ತದೆ: ಥೈರಾಯ್ಡ್, ಅನ್ನನಾಳ, ಶ್ವಾಸಕೋಶ, ಎದೆಯ ದುಗ್ಧಗ್ರಂಥಿಗಳು. ಕ್ಯಾಮೆರಾದಲ್ಲಿ ಒಂದು ತಂತು ಅಲುಗಾಡದೆ ನಿಂತಿದ್ದು ಕಂಡರೆ, ಬುರುಡೆಯ ತಳದಿಂದ ಎದೆಯವರೆಗೆ ಸ್ಕ್ಯಾನ್ ಮಾಡುವುದು ಸರಿಯಾದ ಕ್ರಮ. ನಿಮ್ಮ ವೈದ್ಯರು ದುಡ್ಡಿಗಾಗಿ ಬರೆದದ್ದಲ್ಲ.

ನಾಲಿಗೆ ಹೊರಚಾಚಿದರೆ ಒಂದು ಕಡೆಗೆ ವಾಲುತ್ತದೆ. ಕುಡಿದ ನೀರು ಮೂಗಿನಲ್ಲಿ ಬರುತ್ತದೆ. ಇವೆಲ್ಲ ಒಂದೇ ರೋಗದವೇ?

ಒಟ್ಟಿಗೆ ಕಂಡರೆ ಬುರುಡೆಯ ತಳವನ್ನೇ ಅನುಮಾನಿಸಬೇಕು. ಒಂಬತ್ತರಿಂದ ಹನ್ನೆರಡನೆಯವರೆಗಿನ ನಾಲ್ಕು ನರಗಳು ಅಲ್ಲಿ ಅಕ್ಕಪಕ್ಕದಲ್ಲೇ ಹೊರಬೀಳುತ್ತವೆ. ನಾಲಿಗೆ ಸೋತ ಕಡೆಗೇ ವಾಲುತ್ತದೆ ಮತ್ತು ಆ ಅರ್ಧ ಸಣಕಲಾಗುತ್ತದೆ. ಅಂಗುಳ ಸೋತರೆ ನೀರು ಮೂಗಿಗೆ ಹತ್ತುತ್ತದೆ. ಹನ್ನೊಂದನೆಯ ನರ ಸೋತರೆ ಒಂದು ಭುಜ ಜಗ್ಗಿ, ಸೀರೆಯ ಸೆರಗು ಅಥವಾ ಹೆಗಲಚೀಲ ಜಾರತೊಡಗುತ್ತದೆ. ಒಂದು ಕಣ್ಣಿನ ರೆಪ್ಪೆ ತುಸು ಇಳಿದು ಆ ಪಾಪೆಯೂ ಚಿಕ್ಕದಾಗಿದ್ದರೆ, ಕುತ್ತಿಗೆಯಲ್ಲಿ ಅಥವಾ ಶ್ವಾಸಕೋಶದ ತುದಿಯಲ್ಲಿ ಸಾಗುವ ಇನ್ನೊಂದು ನರಸರಣಿಗೆ ತೊಂದರೆಯಾಗಿರಬಹುದು. ಹಳೆಯ ಫೋಟೋ ಪಕ್ಕದಲ್ಲಿಟ್ಟು ನೋಡಿದರೆ ಈ ಬದಲಾವಣೆಗಳು ಎಂದಿನಿಂದ ಇವೆ ಎಂದು ತಿಳಿಯುತ್ತದೆ.

ತಂದೆಯವರು ಕುತ್ತಿಗೆ ತಿರುಗಿಸಿದಾಗ ಪ್ರಜ್ಞೆ ತಪ್ಪಿ ಬೀಳುತ್ತಾರೆ. ಹೃದಯ ಸರಿಯಿದೆಯಂತೆ.

ಕುತ್ತಿಗೆಯ ದೊಡ್ಡ ರಕ್ತನಾಳ ಕವಲೊಡೆಯುವಲ್ಲಿ ರಕ್ತದೊತ್ತಡವನ್ನು ಅಳೆಯುವ ನರತುದಿಗಳಿವೆ. ಅಲ್ಲಿ ಗಡ್ಡೆ ಒತ್ತಿದರೆ ನಾಡಿಯೂ ರಕ್ತದೊತ್ತಡವೂ ಕುಸಿದು ಪ್ರಜ್ಞೆ ತಪ್ಪುತ್ತದೆ. ಅಪರೂಪದ ಸೂಚನೆ, ವಯಸ್ಸಾದವರಲ್ಲಿ ಗಡ್ಡೆಯಿಲ್ಲದೆಯೂ ಆಗುತ್ತದೆ. ಆದರೂ ಕುತ್ತಿಗೆಯಲ್ಲಿ ಗಂಟಿದ್ದರೆ ಅಥವಾ ಹಿಂದೆ ಗಂಟಲಿನ ಕ್ಯಾನ್ಸರ್ ಆಗಿದ್ದರೆ ಸ್ಕ್ಯಾನ್ ಮಾಡಿಸಿ.

## ಪರೀಕ್ಷೆ, ರಿಪೋರ್ಟ್, ಚಿಕಿತ್ಸೆ

ಯಾರ ಬಳಿ ಹೋಗಬೇಕು? ಅಲ್ಲಿ ಏನೆಂದು ಹೇಳಬೇಕು?

ಕಿವಿ, ಮೂಗು, ಗಂಟಲಿನ ತಜ್ಞರು ಮೊದಲ ಆಯ್ಕೆ. ಗದ್ದ, ತುಟಿಯ ಜೋಮಿಗೆ ಬಾಯಿ ಮತ್ತು ದವಡೆಯ ಶಸ್ತ್ರವೈದ್ಯರೂ ಸರಿ. ಹೋಗುವ ಮೊದಲು ಕನ್ನಡಿಯ ಮುಂದೆ ನಿಂತು, ಹತ್ತಿಯ ಎಳೆಯಿಂದ ಮುಖದ ಎರಡೂ ಕಡೆ ಸವರಿ, ಸ್ಪರ್ಶ ಕಡಿಮೆಯಿರುವ ಜಾಗದ ಅಂಚನ್ನು ಪೆನ್ನಿನಿಂದ ಗುರುತಿಸಿಕೊಳ್ಳಿ. ಎಂದು ಶುರುವಾಯಿತು, ಹೆಚ್ಚುತ್ತಿದೆಯೇ, ಹಿಂದೆ ಯಾವುದಾದರೂ ಗಡ್ಡೆ ಅಥವಾ ಮಚ್ಚೆ ತೆಗೆಸಿದ್ದಿರೇ ಎಂಬುದನ್ನು ಬರೆದುಕೊಂಡು ಹೋಗಿ. "ಜೋಮು" ಎಂಬ ಒಂದೇ ಪದಕ್ಕಿಂತ ಈ ನಕ್ಷೆ ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಖರ್ಚಿನ ಚಿಂತೆಯಿಂದ ತಡಮಾಡುವವರು ಬಹಳ. ಬಿಪಿಎಲ್ ಪಡಿತರ ಚೀಟಿ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಈ ರೋಗಿಗಳಿಗೆ ಆಸರೆಯಾಗಿದೆ.

ಎಂಆರ್‌ಐ ನಾರ್ಮಲ್ ಎಂದು ಬಂದಿದೆ. ಇನ್ನು ನಿಶ್ಚಿಂತೆಯೇ?

ಯಾವ ಎಂಆರ್‌ಐ ಎಂಬುದು ಮುಖ್ಯ. ತಲೆನೋವಿಗೆ ಮಾಡುವ ಮಿದುಳಿನ ಸ್ಕ್ಯಾನ್‌ನಲ್ಲಿ ದವಡೆ, ಗಂಟಲು, ಜೊಲ್ಲುಗ್ರಂಥಿಗಳು ಪೂರ್ತಿ ಬರುವುದಿಲ್ಲ. ನರದ ಜಾಡನ್ನು ನೋಡಲು ಔಷಧ ಚುಚ್ಚಿ, ಕೊಬ್ಬಿನ ಹೊಳಪನ್ನು ಅಡಗಿಸುವ ವಿಧಾನದಲ್ಲಿ, ಚರ್ಮದಿಂದ ಬುರುಡೆಯ ತಳದವರೆಗೆ ಆ ನರದ ಇಡೀ ಹಾದಿಯನ್ನು ತೆಳು ಪದರಗಳಲ್ಲಿ ಸೆರೆಹಿಡಿಯಬೇಕು. ಯಾವ ನರದ ಮೇಲೆ ಅನುಮಾನ ಎಂದು ಚೀಟಿಯಲ್ಲಿ ಬರೆದಿದ್ದರೆ ರೇಡಿಯಾಲಜಿ ವೈದ್ಯರ ಕಣ್ಣು ಅಲ್ಲಿಗೇ ಹೋಗುತ್ತದೆ. ಇಷ್ಟಾದರೂ, ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಷ್ಟು ಚಿಕ್ಕ ಹರಡುವಿಕೆ ತಪ್ಪಿಸಿಕೊಳ್ಳುತ್ತದೆ. ಲಕ್ಷಣ ಹೆಚ್ಚುತ್ತಲೇ ಇದ್ದರೆ ಕೆಲವು ತಿಂಗಳ ಬಳಿಕ ಮತ್ತೆ ಸ್ಕ್ಯಾನ್ ಮಾಡಿಸಲು ಕೇಳಿ. ಸ್ಟೀರಾಯ್ಡ್ ತೆಗೆದುಕೊಂಡಾಗ ಜೋಮು ಇಳಿದು ಮತ್ತೆ ಬಂತೆಂದರೆ ಅದನ್ನೂ ಹೇಳಿ. ಲಿಂಫೋಮಾ ಸ್ಟೀರಾಯ್ಡ್‌ಗೆ ತಾತ್ಕಾಲಿಕವಾಗಿ ಕರಗಿ ಮರೆಯಾಗುತ್ತದೆ.

ಗಂಟಿಗೆ ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಎನ್ನುತ್ತಾರೆ. ನಿಜವೇ?

ಕುತ್ತಿಗೆ ಅಥವಾ ಜೊಲ್ಲುಗ್ರಂಥಿಯ ಗಂಟಿನಿಂದ ಸಣ್ಣ ಸೂಜಿಯಲ್ಲಿ ಕೋಶಗಳನ್ನು ಎಳೆದು ನೋಡುವುದು ಜಗತ್ತಿನೆಲ್ಲೆಡೆ ಒಪ್ಪಿತವಾದ ಮೊದಲ ಪರೀಕ್ಷೆ. ಅದರಿಂದ ರೋಗ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಈ ಭಯದಿಂದ ಕಳೆದ ತಿಂಗಳುಗಳೇ ರೋಗವನ್ನು ಹರಡಿಸುತ್ತವೆ.

ಬಯಾಪ್ಸಿ ರಿಪೋರ್ಟ್‌ನಲ್ಲಿ "ಪೆರಿನ್ಯೂರಲ್ ಇನ್ವೇಶನ್" ಇದೆ ಎಂದು ಬರೆದಿದ್ದಾರೆ. ಕೊನೆಯ ಹಂತವೇ?

ಅಲ್ಲ. ಗಡ್ಡೆಯ ಒಳಗಿನ ಅಥವಾ ಅಂಚಿನ ಸಣ್ಣ ನರಗಳನ್ನು ಕ್ಯಾನ್ಸರ್ ಕೋಶಗಳು ಸುತ್ತುವರಿದಿವೆ ಎಂದು ಇದರ ಅರ್ಥ. ರೋಗ ಮರಳುವ ಸಂಭವ ಹೆಚ್ಚು ಎಂಬ ಎಚ್ಚರಿಕೆ ಅದರಲ್ಲಿದೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಚಿಕಿತ್ಸೆ ಬೇಕೇ ಎಂದು ತಂಡವಾಗಿ ಕುಳಿತು ತೀರ್ಮಾನಿಸುತ್ತಾರೆ. ಕೆಲವರಲ್ಲಿ ನರದ ಹಾದಿಯನ್ನೂ ವಿಕಿರಣದ ವ್ಯಾಪ್ತಿಗೆ ಸೇರಿಸುತ್ತಾರೆ. ದೊಡ್ಡ ನರವೇ ಸೋತಿರುವುದು ಬೇರೆ ಸಂಗತಿ. ಪೆರೋಟಿಡ್ ಗಡ್ಡೆ ಮುಖದ ನರವನ್ನು ಹಿಡಿದಿದ್ದರೆ, ಮೂಗಿನ ಹಿಂಭಾಗದ ಕ್ಯಾನ್ಸರ್ ಮಿದುಳುನರವನ್ನು ಹಿಡಿದಿದ್ದರೆ, ಗಡ್ಡೆ ಚಿಕ್ಕದಾಗಿದ್ದರೂ ಅದನ್ನು ಮುಂದುವರಿದ ವರ್ಗಕ್ಕೆ ಸೇರಿಸುತ್ತಾರೆ. ಆಗಲೂ ಗುಣಪಡಿಸುವ ಗುರಿಯಿಂದಲೇ ಚಿಕಿತ್ಸೆ ಕೊಡುವುದುಂಟು. ಅಡಿನಾಯ್ಡ್ ಸಿಸ್ಟಿಕ್ ಕ್ಯಾನ್ಸರ್ ಹತ್ತು ವರ್ಷ ಕಳೆದ ಮೇಲೂ ಮರಳುವುದರಿಂದ, ಐದು ವರ್ಷವಾಯಿತೆಂದು ತಪಾಸಣೆ ನಿಲ್ಲಿಸಬೇಡಿ.

ಚಿಕಿತ್ಸೆ ಮುಗಿಯಿತು. ಹೋದ ಸ್ಪರ್ಶ, ವಾಲಿದ ಮುಖ ಮೊದಲಿನಂತಾಗುತ್ತವೆಯೇ?

ನರ ಬರೀ ಒತ್ತಡಕ್ಕೆ ಸಿಕ್ಕಿದ್ದರೆ ಚೇತರಿಕೆಯ ಸಾಧ್ಯತೆ ಚೆನ್ನಾಗಿದೆ. ಕ್ಯಾನ್ಸರ್ ಅದರೊಳಗೆ ಹೊಕ್ಕಿದ್ದರೆ ಆ ತುಂಡನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಮುಖದ ನರವಾದರೆ ಕಾಲಿನಿಂದ ತೆಗೆದ ನರದ ತುಂಡನ್ನು ಅದೇ ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸಬಹುದು. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್, ಹಾಗಾಗಿ ಮುಖದಲ್ಲಿ ಮೊದಲ ಚಲನೆ ಕಾಣಲು ತಿಂಗಳುಗಳು ಬೇಕು, ಮತ್ತು ಅದು ಪೂರ್ತಿ ಮೊದಲಿನಂತೆ ಇರುವುದಿಲ್ಲ. ಅಲ್ಲಿಯವರೆಗೆ ಮುಚ್ಚದ ಕಣ್ಣನ್ನು ಹಗಲು ಹನಿಯಿಂದ, ರಾತ್ರಿ ಮುಲಾಮು ಮತ್ತು ಪಟ್ಟಿಯಿಂದ ಕಾಪಾಡಬೇಕು. ಇದನ್ನು ಮನೆಯವರೊಬ್ಬರು ವಹಿಸಿಕೊಂಡರೆ ಒಳ್ಳೆಯದು. ನಿಂತುಹೋದ ಧ್ವನಿತಂತುವನ್ನು ಸಣ್ಣ ಶಸ್ತ್ರಚಿಕಿತ್ಸೆಯಿಂದ ನಡುವಿಗೆ ಸರಿಸಿ ಮಾತನ್ನು ಬಹಳಷ್ಟು ಮರಳಿಸಬಹುದು. ಗದ್ದದ ಜೋಮು ಉಳಿದವರು ಬಿಸಿ ಕಾಫಿ, ಸಾರು ಕುಡಿಯುವಾಗ ಮೊದಲು ಸರಿಯಿರುವ ಕಡೆಯ ತುಟಿಗೆ ತಾಗಿಸಿ ಬಿಸಿ ನೋಡಿಕೊಳ್ಳಬೇಕು.